ತಪಾಸಣೆಗೆ ಬಂದ ಅತಿಥಿ

ಪರಸ್ಕೀವಾಳಿಗೆ ಐವತ್ತೇಳು ವರ್ಷ. ಅದರಲ್ಲಿ ಹದಿಮೂರನ್ನು ಅವಳು ಇಟಲಿಯ ಪಾದೋವಾದಲ್ಲಿ ಕಚೇರಿಗಳ ನೆಲ ಒರೆಸುತ್ತಲೇ ಕಳೆದಿದ್ದಾಳೆ. ನಾವಿಬ್ಬರೂ ರೊಮೇನಿಯಾದ ಒಂದೇ ಸೀಮೆಯವರು, ಇಲ್ಲಿ ಒಂದೇ ತಂಡದಲ್ಲಿ ಬಕೆಟ್ಟು ಹಿಡಿದವರು. ಅವಳ ಬಗ್ಗೆ ಬರೆಯುವ ಹಕ್ಕು ನನಗಿದೆಯೋ ಇಲ್ಲವೋ, ಓದಿ ನೀವೇ ಹೇಳಿ.

ಫೆಬ್ರವರಿಯಲ್ಲಿ ನೀರು ತುಂಬಿದ ಬಕೆಟ್ಟನ್ನು ಮೆಟ್ಟಿಲ ಮೇಲೆ ಎತ್ತಿಡುವಾಗ ಅವಳ ಸೊಂಟ ಹಿಡಿದುಕೊಂಡಿತು. ಡಾಕ್ಟರು ನಲವತ್ತು ದಿನ ವಿಶ್ರಾಂತಿ ಬರೆದುಕೊಟ್ಟರು. ಅಷ್ಟು ದಿನ ಮಲಗದಿದ್ದರೆ ಬೆನ್ನು ಇನ್ನು ನೆಟ್ಟಗಾಗುವುದಿಲ್ಲ ಎಂದು ಎಚ್ಚರಿಸಿದರು ಕೂಡ. ಕಾಯಿಲೆಯ ರಜೆಗೂ ಸಂಬಳದ ಬಹುಪಾಲು ಬರುತ್ತದೆ. ಆದರೆ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಸಂಜೆ ಐದರಿಂದ ಏಳು ಮನೆಬಿಟ್ಟು ಕದಲುವಂತಿಲ್ಲ. ಕಾಯಿಲೆ ನಿಜವೋ ಸುಳ್ಳೋ ನೋಡಲು ವಿಮೆಯವರ ಡಾಕ್ಟರು ಯಾವತ್ತು ಬೇಕಾದರೂ ಬಾಗಿಲು ತಟ್ಟಬಹುದು.

ನಮ್ಮ ದೇಶದಲ್ಲಿ ಇದು ತಿರುವುಮುರುವು, ರೋಗಿಯೇ ಕಚೇರಿಗೆ ಹೋಗಬೇಕು. ಪರಸ್ಕೀವಾಳ ತಮ್ಮ ಹಾರಾಲಾಂಬ್‌ನ ಬಲಗೈ ಮರದ ಮಿಲ್ಲಿನ ಗರಗಸಕ್ಕೆ ಸಿಕ್ಕಿ ಮೊಣಕೈವರೆಗೆ ಹೋಗಿತ್ತು. ಅಂಗವಿಕಲರ ಮಾಸಾಶನ ಬೇಕೆಂದರೆ ಅವನು ವರ್ಷ ವರ್ಷವೂ ಜಿಲ್ಲಾ ಕೇಂದ್ರಕ್ಕೆ ಹೋಗಿ ಡಾಕ್ಟರುಗಳ ಮುಂದೆ ಅಂಗಿಯ ತೋಳು ಮಡಚಬೇಕು.

“ಕೈ ಏನಾದ್ರೂ ಚಿಗುರಿದ್ಯಾ ಅಂತ ನೋಡ್ತಾರೆ ಕಣೇ,” ಎಂದು ಪರಸ್ಕೀವಾ ಫೋನಿನಲ್ಲಿ ನಗುತ್ತಿದ್ದಳು. “ಬೈಕೊಂಡೇ ಹೋಗ್ತಾನೆ. ಬರೋವಾಗ ಮಾತ್ರ ಖುಷಿ. ವರಾಂಡದಲ್ಲಿ ಐವತ್ತು ಜನ ಕೂತ್ಕೊಂಡು, ಸೂರ್ಯಕಾಂತಿ ಬೀಜ ತಿಂತಾ ಹರಟೆ ಹೊಡೀತಾರಂತೆ. ನಂಗಿಲ್ಲಿ ಗೋಡೆ ಜೊತೆ ಮಾತು.”

“ಭಾನುವಾರ ಬರ್ತೀನಕ್ಕ,” ಎನ್ನುತ್ತಿದ್ದೆ. ನನ್ನ ಮನೆಯಿಂದ ಅವಳಲ್ಲಿಗೆ ಬಸ್ಸಿನಲ್ಲಿ ಮೂರೇ ನಿಲ್ದಾಣ. ಮೂರು ಭಾನುವಾರ ಕಳೆದವು, ನಾನು ಹೋಗಲಿಲ್ಲ. ನೆಪಕ್ಕೇನು ಬರವೇ?

ಗಂಡ ತೀರಿಕೊಂಡು ಎಷ್ಟೋ ವರ್ಷ, ಮಕ್ಕಳಿಲ್ಲ. ಅವಳ ಬಾಡಿಗೆ ಕೋಣೆಗೆ ಬರುವವರೇ ಇರಲಿಲ್ಲ. ಹಾಗಾಗಿ ಉಳಿದವರು ಹೆದರುವ ಆ ತಪಾಸಣೆಯ ಡಾಕ್ಟರಿಗಾಗಿ ಇವಳು ನೆಂಟರಿಗೆ ಕಾದಂತೆ ಕಾದಳು. ದಿನಾ ಹತ್ತು ಗಂಟೆಯೊಳಗೆ ತಲೆ ಬಾಚಿ, ಒಳ್ಳೆಯ ಲಂಗ ತೊಟ್ಟು, ಮಲಗಬೇಕಾದವಳು ಕುರ್ಚಿಯಲ್ಲಿ ಕೂತಿರುತ್ತಿದ್ದಳು. ನಮ್ಮ ಕಡೆ ಹೊಸ್ತಿಲು ದಾಟಿದವರಿಗೆ ಬರಿಮೇಜು ತೋರಿಸಿದರೆ ಮನೆಗೇ ಅವಮಾನ. ಇಪ್ಪತ್ತೆರಡನೆಯ ದಿನ ಎರಡು ನೋವಿನ ಮಾತ್ರೆ ನುಂಗಿ, ಹಿಟ್ಟು ನಾದಿ, ಚೀಸು ಸಬ್ಬಸಿಗೆ ತುಂಬಿ ಪ್ಲಾಚಿಂತಾ ಬೇಯಿಸಿದಳು. ಆವತ್ತೇ ಡಾಕ್ಟರು ಬಂದರು. ಮುಂದೆ ನಡೆದದ್ದನ್ನು ಅವಳೇ ನನಗೆ ಹೇಳಿದ್ದು.

ಡಾಕ್ಟರು ಮೇಜಿನ ಮೇಲಿನ ತಟ್ಟೆ ನೋಡಿದರು, ಅವಳ ತೋಳಿಗೆ ಮೆತ್ತಿದ್ದ ಹಿಟ್ಟು ನೋಡಿದರು.

“ಇದನ್ನೆಲ್ಲ ಯಾರು ಮಾಡಿದ್ದು?”

“ನಾನೇ ಡಾಕ್ಟ್ರೇ. ಕೂತ್ಕೊಳ್ಳಿ, ಆರೋಗತ್ತೆ, ತಗೊಳ್ಳಿ.”

“ನೋವು ಹೇಗಿದೆ?”

“ದೇವರ ದಯೆ, ಪರವಾಗಿಲ್ಲ.”

ಮನೆಗೆ ಬಂದವರ ಮುಂದೆ ನರಳುವುದು ನಮ್ಮವರಿಗೆ ಬಾರದು. ಡಾಕ್ಟರು ಸೊಂಟ ಒತ್ತಿ ನೋಡಿದರು, ಎರಡು ಪ್ಲಾಚಿಂತಾ ತಿಂದರು, ಕೈ ಒರೆಸಿಕೊಂಡು ‘ನಾಳೆಯಿಂದ ಕೆಲಸಕ್ಕೆ ಹೋಗಬಹುದು’ ಎಂದು ಬರೆದು ಸಹಿಗೆ ಕೊಟ್ಟರು. ಒಪ್ಪಿಗೆಯಿಲ್ಲದಿದ್ದರೆ ಆ ಕಾಗದದ ಮೇಲೆ, ಅಲ್ಲೇ ಆಗಲೇ ಬರೆಸಬೇಕು. ಆಮೇಲೆ ಬಾಯಿ ಬಡಿದುಕೊಂಡರೆ ಯಾರೂ ಕೇಳುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ಸಹಿ ಹಾಕಿದಳು.

ಮರುದಿನ ಬಸ್ಸಿನಲ್ಲಿ ಕಂಬಿ ಹಿಡಿದು ಓರೆಯಾಗಿ ನಿಂತವಳನ್ನು ಕಂಡು, ನಡೆದದ್ದನ್ನು ಅವಳ ಬಾಯಲ್ಲೇ ಕೇಳಿ ನನಗೆ ಸಿಟ್ಟು ನೆತ್ತಿಗೇರಿತು.

“ಬುದ್ಧಿ ಇದ್ಯಾ ನಿಂಗೆ? ಒಪ್ಪಲ್ಲ ಅನ್ನೋಕೆ ಬಾಯಿ ಬರ್ಲಿಲ್ವಾ?”

“ನಮ್ಮನೇಲಿ ಕೂತು ತಿಂತಿದ್ರು ಕಣೇ. ತಿನ್ನೋವರ ಜೊತೆ ಹೆಂಗೆ ಜಗಳ ಆಡ್ಲಿ?”

“ಇನ್ನೂ ಹದಿನೆಂಟು ದಿನ ಇತ್ತಲ್ಲಕ್ಕ! ನಿನ್ನ ಬೆನ್ನಿನ ಗತಿ?”

ಅವಳು ಕಂಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

“ಇಪ್ಪತ್ತು ನಿಮಿಷ ಇದ್ರು,” ಎಂದಳು. “ಸಬ್ಬಸಿಗೆ ಎಲ್ಲಿ ಸಿಗತ್ತೆ ಅಂತ ಕೇಳಿದ್ರು. ಅಲ್ವೇ, ಮತ್ತೆ ಸೊಂಟ ಹಿಡ್ಕೊಂಡ್ರೆ ಅವ್ರನ್ನೇ ಕಳಿಸ್ತಾರಾ, ಬೇರೆಯವರು ಬರ್ತಾರಾ?”

“ಗೊತ್ತಿಲ್ಲಕ್ಕ,” ಎಂದೆ. ಮೂರೇ ನಿಲ್ದಾಣ ದೂರದಲ್ಲಿದ್ದೂ ಮೂರು ಭಾನುವಾರ ಹೋಗದವಳು ನಾನು.