ಸೋಮವಾರದ ಆಯಿಲ್ ಬಾಟಲಿ

ವಿಮೆಯ ಕಾಗದ ಇದ್ದಲ್ಲೇ ಇದೆಯೋ ಇಲ್ಲವೋ ಎಂದು ವಾರದಲ್ಲಿ ಮೂರನೇ ಸಲ ಟ್ರಂಕು ತೆಗೆದಿದ್ದೆ. ಕಾಗದ ಇದ್ದಲ್ಲೇ ಇತ್ತು. ಅದರಡಿಯ ಹಳೆಯ ಡೈರಿಯಿಂದ ದುಂಡಗಿನ ಫಿಲ್ಟರ್ ಪೇಪರೊಂದು ಜಾರಿ ಬಿತ್ತು. ನಡುವೆ ಕರಿ ಬೊಟ್ಟು, ಸುತ್ತ ಎಣ್ಣೆ ಒಸರಿದ ಹಳದಿ ಬಳೆ. ಮೂಗಿಗೆ ಹಿಡಿದೆ. ಹನ್ನೆರಡು ವರ್ಷವಾದರೂ ಗೇರ್‌ಬಾಕ್ಸಿನ ಸುಟ್ಟ ವಾಸನೆ ಇನ್ನೂ ಇತ್ತು... ಅಥವಾ ಇದೆ ಎಂದು ನನಗೆ ಅನಿಸಿತು.

ಆಗ ನಾನು ರಾಯಬಾಗ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಸೀಜನ್ ನೌಕರ. ಕಬ್ಬು ನುರಿಸುವಷ್ಟು ತಿಂಗಳು ಕೆಲಸ. ಉಳಿದ ತಿಂಗಳು, ಮುಂದಿನ ಸೀಜನ್‌ಗೆ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆ. ಎರಡನೆಯದನ್ನೇ ನಾನು ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದೆ. ಲ್ಯಾಬಿನ ಮುಖ್ಯಸ್ಥೆಯನ್ನು ನಾವೆಲ್ಲ ನಮ್ಮ ಕಡೆಯ ರೂಢಿಯಂತೆ ಬಾಯಾರು, ಅಂದರೆ ಅಮ್ಮನವರು, ಎನ್ನುತ್ತಿದ್ದೆವು. ಅಕ್ಕೋಳದವರು, ಹೊಲದ ಕೂಲಿಯ ಮನೆಯಿಂದ ಓದಿ ಬಂದವರು. ಮೇಜಿನ ಮೇಲೆ ಅಂಗೈಯಷ್ಟು ಬುದ್ಧ, ಪಕ್ಕದಲ್ಲೊಂದು ಅಯಸ್ಕಾಂತ. ಬರೀ ಕಬ್ಬಿನ ಹಾಲು ಪರೀಕ್ಷಿಸುತ್ತಿದ್ದ ಲ್ಯಾಬಿನಲ್ಲಿ ಯಂತ್ರಗಳ ಎಣ್ಣೆಯನ್ನೂ ಪರೀಕ್ಷಿಸುವ ಪದ್ಧತಿ ಹಾಕಿದವರು ಅವರೇ.

ಸೋಮವಾರಕ್ಕೊಮ್ಮೆ ಮಿಲ್ಲಿನ ಗೇರ್‌ಬಾಕ್ಸಿನಿಂದ ಒಂದು ಬಾಟಲಿ ಎಣ್ಣೆ ತರುವುದು ನನ್ನ ಪಾಲಿನ ಕೆಲಸ. ಆನೆಯಂಥ ಆ ಹಲ್ಲುಗಾಲಿಗಳ ಹತ್ತಿರ ಹೋದರೆ ನನ್ನ ಪ್ಯಾಂಟೇ ಮೊದಲು ಸಿಕ್ಕಿಕೊಳ್ಳುತ್ತದೆ ಎಂದು ನನಗೆ ಖಾತ್ರಿಯಿತ್ತು. ಮುಪ್ಪಿನ ಫಿಟ್ಟರ್ ಮಾಮಾ ಒಬ್ಬರು ನನ್ನನ್ನು ಪಾರುಮಾಡಿದರು.

"ಬಾಯಾರಿಗೆ ಹೊಲಸ ಆಯಿಲ್ ಒಯ್ದ ಕೊಡ್ತಿಯೇನ್ಲೇ? ಮರ್ಯಾದಿ ಐತಿಲ್ಲೋ?" ಎಂದು ಬೈದು, ಬಾಟಲಿ ಒರೆಸಿ, ಹೊಸ ಬ್ಯಾರಲ್ಲಿನಿಂದ ಜೇನಿನಂಥ ಎಣ್ಣೆ ತುಂಬಿಕೊಟ್ಟರು.

ಬಂದವರಿಗೆ ಮೇಲಿನ ಕೆನೆ ಬಡಿಸುವ ಸೀಮೆ ನಮ್ಮದು. ಮಾಮಾನಿಗೆ ಅದು ಗೌರವ, ನನಗೆ ಪ್ರಾಣ ಉಳಿದ ಸಂತೋಷ. ಮೂರು ಸೋಮವಾರ ಎಣ್ಣೆ ಉತ್ತಮ ಎಂದು ವರದಿ ಹೋಯಿತು.

ನಾಲ್ಕನೆಯ ಸೋಮವಾರ ಬಾಯಾರು ಬಾಟಲಿಗೆ ಅಯಸ್ಕಾಂತ ಹಿಡಿದು ಬಹಳ ಹೊತ್ತು ನೋಡಿದರು.

"ತಮ್ಮಾ, ಗೇರ್‌ಬಾಕ್ಸ್ ತಿರಗಾಕತ್ತೈತೋ, ಪೂಜಾ ಮಾಡಾಕ ಇಟ್ಟಾರೋ?"

"ತಿರಗಾಕತ್ತೈತ್ರಿ..."

"ಮತ್ತ ಒಂದ ಕಣಾನೂ ಕಬ್ಬಿಣ ಇಲ್ಲಲ್ಲೋ! ಎಲ್ಲಿಂದ ತಂದಿ? ಖರೇ ಹೇಳ."

ಹೇಳಿದೆ. ಅವರು ಬೈಯಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು ನನ್ನನ್ನು ಮಿಲ್ಲಿಗೆ ಕರೆದೊಯ್ದು, ಗೇರ್‌ಬಾಕ್ಸಿನ ತಳದ ನಳ ತಿರುಗಿಸಿ ತಾವೇ ಬಾಟಲಿ ತುಂಬಿಸಿದರು. ಈ ಸಲ ಅಯಸ್ಕಾಂತ ಹಿಡಿದ ಕಡೆ ಗಾಜಿನೊಳಗೆ ಮೀಸೆ ಮೂಡಿದಂತೆ ಕಬ್ಬಿಣದ ಪುಡಿ ನಿಂತಿತು. ಫಿಲ್ಟರ್ ಪೇಪರಿನ ಮೇಲೆ ಕರಿ ಬೊಟ್ಟು ಬಿತ್ತು. ಕಾದ ತಟ್ಟೆಯ ಮೇಲೆ ಹನಿ ಹಾಕಿದರೆ ಸಾಸಿವೆಯಂತೆ ಚಟಪಟ ಸಿಡಿಯಿತು. ಸಿಡಿದರೆ ನೀರು ಸೇರಿದೆ ಎಂದರ್ಥ. ನೀರು ಸೇರಿದ ಎಣ್ಣೆಯಲ್ಲಿ ಹಲ್ಲಿಗೆ ಹಲ್ಲು ತಿಕ್ಕುತ್ತದೆ. ಯಾವ ಗಳಿಗೆಯಲ್ಲಾದರೂ ಮುರಿದು ಹಾರಬಹುದು. ಮಿಲ್ ನಿಲ್ಲಿಸಿ ಎಣ್ಣೆ ಬದಲಿಸಬೇಕು ಎಂದು ಅವರು ಬರೆದುಕಳಿಸಿದರು.

ಚೀಫ್ ಇಂಜಿನಿಯರ್ ಸಾಹೇಬರು ತಾವೇ ಲ್ಯಾಬಿಗೆ ಬಂದರು.

"ಅಹೋ ಬಾಯಿ, ಹೊರಗ ನೋಡ್ರಿ. ಅಲಖನೂರ ತನಕ ಕಬ್ಬಿನ ಟ್ರ್ಯಾಕ್ಟರ್ ನಿಂತಾವು. ಮೂರ ವಾರ ಚೊಲೊ ಇದ್ದ ಆಯಿಲ್ ಒಮ್ಮಿಗೇ ಕೆಟ್ಟತೇನು?"

ನನ್ನತ್ತ ಬೆರಳು ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಆ ಮೂರ ವಾರದ್ದು ನಮ್ಮ ಲ್ಯಾಬಿನ ತಪ್ಪರಿ," ಎಂದರು ಬಾಯಾರು. "ನಾಕನೇದು ತಪ್ಪ ಆಗಾಕ ಬಿಡಂಗಿಲ್ಲ."

"ಲ್ಯಾಬಿನಾಗ ಕುಂತು ನನಗ ಮಷೀನ್ ಕಲಸ್ತೀರಿ?"

"ಗೇರ್‌ಬಾಕ್ಸ್ ಮಗ್ಗಲಕ ನಿಂದ್ರಾವ್ರು ಫಿಟ್ಟರ್‌ಗೋಳ್ರಿ. ನೀವೂ ಅಲ್ಲ, ನಾನೂ ಅಲ್ಲ."

ಸಾಹೇಬರು ನನ್ನ ಕಡೆ ತಿರುಗಿದರು. "ನೀ ಬರಿಲೇ, ಆಯಿಲ್ ಚೊಲೊ ಐತಿ ಅಂತ. ಪರ್ಮನೆಂಟ್ ಆಗೂದೈತಿಲ್ಲೋ?"

"ಪೆನ್ ಇಲ್ರಿ ಸಾಹೇಬ್ರ," ಎಂದೆ.

"ಕಿಸೇದಾಗ ಎರಡ ಅದಾವಲ್ಲೋ," ಎಂದು ಬಾಯಾರು ನಕ್ಕೇಬಿಟ್ಟರು. ಆಮೇಲೆ ದನಿ ತಗ್ಗಿಸಿ, "ಹೆದರಬ್ಯಾಡ ಅನ್ನೂದಿಲ್ಲ ತಮ್ಮಾ. ಹೆದರಕೋತನ ಬರಿ. ಕಂಡದ್ದ ಬರಿ."

ಬರೆದೆ. ಮೂರು ಸೋಮವಾರದ ಬಾಟಲಿ ಹೊಸ ಬ್ಯಾರಲ್ಲಿನದು, ತಂದವನು ನಾನು, ಇಂದಿನದರಲ್ಲಿ ನೀರಿದೆ. ಅಕ್ಷರಗಳು ಒದ್ದೆಯಲ್ಲಿ ಬಿದ್ದ ಇರುವೆಗಳಂತಿದ್ದವು. ಸಹಿಯಂತೂ ಬೇರೆ ಯಾರದೋ ಎನ್ನಬಹುದಿತ್ತು. ಕೆಳಗೆ ಬಾಯಾರೂ ಸಹಿ ಹಾಕಿದರು. ಇಬ್ಬರ ಸಹಿಯಿದ್ದ ಕಾಗದವನ್ನು ಹರಿಯುವ ಧೈರ್ಯ ಸಾಹೇಬರಿಗೂ ಬರಲಿಲ್ಲ.

ಮಿಲ್ ಅರ್ಧ ದಿನ ನಿಂತಿತು. ಎಣ್ಣೆ ತಂಪು ಮಾಡುವ ಕೂಲರಿನ ನೀರಿನ ಪೈಪು ಉಗುರಿನಷ್ಟು ಸೀಳಿತ್ತು. ಗಾಲಿಯ ಎರಡು ಹಲ್ಲು ಅರ್ಧಕ್ಕರ್ಧ ಸವೆದಿದ್ದವು. ಆ ದೋಷ ಪತ್ತೆಹಚ್ಚಿದವರು ತಾವೇ ಎಂದು ಸಾಹೇಬರು ಮೇಲಿನವರಿಗೆ ವರದಿ ಕೊಟ್ಟರು. ಮುಂದಿನ ಸೀಜನ್‌ಗೆ ಬಾಯಾರನ್ನು ಕಬ್ಬಿನ ಯಾರ್ಡಿಗೆ ಹಾಕಿದರು, ಟ್ರ್ಯಾಕ್ಟರುಗಳಿಗೆ ಟೋಕನ್ ಬರೆಯಲು. ನಾನು ಪರ್ಮನೆಂಟ್ ಆಗುವುದು ನಾಲ್ಕು ವರ್ಷ ತಡವಾಯಿತು.

ಯಾರ್ಡಿನಲ್ಲಿ ಅವರು ಸುಮ್ಮನೆ ಕೂತರೆಂದುಕೊಂಡಿರಾ? ಟ್ರ್ಯಾಕ್ಟರು ಬಂದರೆ ಎಣ್ಣೆ ಅಳೆಯುವ ಕಡ್ಡಿ ಎಳೆದು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. "ಏ ಶಾಣ್ಯಾ, ಇದು ಆಯಿಲ್ ಅಲ್ಲ, ಡಾಂಬರ. ಬದಲಸ್ತೀನಿ ಅಂತ ಹೇಳ, ಆಮ್ಯಾಲ ಟೋಕನ್." ಡ್ರೈವರುಗಳು ಗೊಣಗುತ್ತಿದ್ದರು, ಬದಲಿಸುತ್ತಲೂ ಇದ್ದರು. ಲ್ಯಾಬಿಗೆ ಮರಳಿ ಹಾಕಿರೆಂದು ಅವರು ಯಾರನ್ನೂ ಕೇಳಲಿಲ್ಲ. ನಿವೃತ್ತಿಯ ದಿನವೂ ಅವರ ಬೆರಳ ತುದಿ ಕಪ್ಪಾಗಿತ್ತು.

ಅವರು ತೀರಿಕೊಂಡ ಸುದ್ದಿ ನನಗೆ ಎಂಟು ದಿನ ತಡವಾಗಿ ತಿಳಿಯಿತು. ಸುಳ್ಳು ಬಾಟಲಿ ತಂದವನನ್ನು ಯಾಕೆ ಉಳಿಸಿದಿರಿ ಎಂದು ಒಮ್ಮೆಯಾದರೂ ಕೇಳಬೇಕಿತ್ತು. ನಾಳೆ ಕೇಳೋಣ, ನಾಡಿದ್ದು ಕೇಳೋಣ ಎನ್ನುತ್ತ...

ಈಗ ಲ್ಯಾಬು ನನ್ನ ಕೈಯಲ್ಲಿದೆ. ಹೋದ ಸೋಮವಾರ ಟರ್ಬೈನಿನ ಎಣ್ಣೆಯಲ್ಲಿ ನೀರು ಕಂಡಿತು. ಹೊಸ ಸಾಹೇಬರು ಇನ್ನೊಮ್ಮೆ ನೋಡಿ ಎಂದರು. ನನ್ನ ಮೇಲೆ ನನಗೇ ನಂಬಿಕೆ ಕಡಿಮೆ, ಹಾಗಾಗಿ ಮೂರು ಸಲ ನೋಡಿದೆ. ಮೂರು ಸಲವೂ ನೀರೇ. ಅದನ್ನೇ ಬರೆದುಕೊಟ್ಟೆ. ಯಾರ್ಡಿನಲ್ಲಿ ಒಂದು ಕುರ್ಚಿ ಖಾಲಿ ಇದೆ ಎಂದು ನಿನ್ನೆ ಹೇಳಿಕಳಿಸಿದ್ದಾರೆ. ಹೋಗಿ ನೋಡಿಬಂದೆ. ನೆರಳಿಲ್ಲ, ಬಿಸಿಲು ನೆತ್ತಿಗೇ ಬೀಳುತ್ತದೆ.

ವರದಿ ಬದಲಿಸಲಿಲ್ಲ. ಸಂಜೆ ಪೇಟೆಯಲ್ಲಿ ಇಳಿದು ಒಂದು ಟೋಪಿ ಕೊಂಡೆ.