ಮೆತ್ತನೆಯ ಖಾನೆ

ನಾಸಿಕದ ನಮ್ಮ ಬಾಡಿಗೆ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆಯಿದೆ. ಹೊಡೆದ ದಿನ ಅದು ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ ನೆಟ್ಟಗೆ, ಎದೆಯೆತ್ತಿ ನಿಂತಿತ್ತು. ಆಮೇಲೆ ನನ್ನ ಕೆಲಸದ ಚೀಲವನ್ನು ಹೊತ್ತೂ ಹೊತ್ತೂ ತಲೆ ತಗ್ಗಿಸಿತು. ಓದುಗ ಮಿತ್ರರೇ, ಆ ದಿನಗಳಲ್ಲಿ ನನ್ನ ಬಲ ಹೆಗಲನ್ನು ನೀವು ನೋಡಿದ್ದರೆ ಅದನ್ನು ಈ ಮೊಳೆಯ ಒಡಹುಟ್ಟು ಎಂದೇ ತಿಳಿಯುತ್ತಿದ್ದಿರಿ. ಅಂಗಿಯ ಅಳತೆ ತೆಗೆಯುವಾಗ ನಮ್ಮ ದರ್ಜಿ ಎರಡೂ ಹೆಗಲುಗಳನ್ನು ಬೇರೆ ಬೇರೆಯಾಗಿಯೇ ಅಳೆಯುತ್ತಿದ್ದ, ಆ ಬಗ್ಗೆ ತುಟಿ ಪಿಟಕ್ಕೆನ್ನದಷ್ಟು ದೊಡ್ಡ ಮನಸ್ಸಿನವನೂ ಆಗಿದ್ದ.

ನನ್ನದು ಊರೂರು ಸುತ್ತಿ ಕಾರ್ಖಾನೆಗಳ ಲೇತ್ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ಇವತ್ತು ಸಿನ್ನರ್ ಆದರೆ ನಾಳೆ ಓಝರ್, ವಾರಕ್ಕೊಮ್ಮೆ ಯೇವಲಾ, ವೈಜಾಪುರ ದಾಟಿ ಆಗಿನ್ನೂ ಔರಂಗಾಬಾದ್ ಎಂದು ಕರೆಸಿಕೊಳ್ಳುತ್ತಿದ್ದ ಸಂಭಾಜಿನಗರದ ಚಿಕಲಠಾಣಾಕ್ಕೆ ಎಸ್.ಟಿ. ಬಸ್ಸಿನ ಪಯಣ. ಚೀಲದಲ್ಲಿ ಇಟ್ಟಿಗೆಯಂಥ ಲ್ಯಾಪ್‌ಟಾಪು, ಅದಕ್ಕಿಂತ ತೂಕದ ಅದರ ಚಾರ್ಜರು, ಯಂತ್ರಗಳ ದಪ್ಪ ದಪ್ಪ ಮ್ಯಾನ್ಯುಯಲ್ಲುಗಳು, ವೈರಿಂಗ್ ನಕ್ಷೆಗಳ ಕಟ್ಟು, ಸ್ಪ್ಯಾನರು. ಉಳಿದದ್ದೆಲ್ಲ 'ಇರಲಿ' ಎಂಬ ಮಾತಿನ ಸಂತಾನ. ಬಿರುಬೇಸಗೆಯಲ್ಲಿಯೂ ಕೊಡೆ, ಯಾಕೆಂದರೆ ಇರಲಿ. ಎಂದೋ ಗುಜರಿಗೆ ಹೋದ ಯಂತ್ರದ ಪುಸ್ತಕವೂ ಇರಲಿ. ಮನುಷ್ಯ ಹೊರುವ ಭಾರದಲ್ಲಿ ಬೇಕಾದದ್ದಕ್ಕಿಂತ ಬೇಕಾಗಬಹುದಾದದ್ದೇ ಹೆಚ್ಚು ಎಂಬ ತತ್ವಜ್ಞಾನ ನನಗೆ ಹೊಳೆದದ್ದು ವೈಜಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹೆಗಲು ಉಜ್ಜಿಕೊಳ್ಳುತ್ತಾ ಕೂತಾಗ. ಹೊಳೆದ ಮೇಲೂ ಕೊಡೆಯನ್ನು ಹೊರಗೆ ತೆಗೆಯಲಿಲ್ಲ ಎನ್ನುವುದು ಬೇರೆ ವಿಚಾರ.

ಕೊನೆಗೆ ಎಲುಬಿನ ಡಾಕ್ಟರು ಒಂದೋ ಚೀಲ ಇಳಿಸಿ, ಇಲ್ಲವೇ ತಿರುಗಾಟ ನಿಲ್ಲಿಸಿ ಎಂದರು. ಟ್ಯಾಬ್ಲೆಟ್‌ಗಳು ಆಗಷ್ಟೇ ಕಚೇರಿಗಳೊಳಗೆ ಕಾಲಿಡುತ್ತಿದ್ದ ಕಾಲ. ಕಂಪನಿಯವರು ಗೊಣಗುತ್ತಲೇ ನನಗೊಂದು ಕೊಟ್ಟರು. ಇಡೀ ಕಪಾಟಿನ ಮ್ಯಾನ್ಯುಯಲ್ಲುಗಳು, ನಕ್ಷೆಗಳು, ದೂರಿನ ಅರ್ಜಿಗಳು ಎಲ್ಲವೂ ಒಂದು ಪಾಟಿಯಷ್ಟು ತೆಳುವಾದ ಗಾಜಿನೊಳಗೆ ಹೋಗಿ ಕೂತವು. ಲ್ಯಾಪ್‌ಟಾಪು ಕಚೇರಿಯ ಮೇಜಿನ ಪಾಲಾಯಿತು. ಮೊದಲ ದಿನ ಚೀಲ ಹೆಗಲಿಗೇರಿಸಿದಾಗ ನಾನು ಏನನ್ನೋ ಮರೆತೆನೆಂದು ಮೂರು ಸಲ ಒಳಗೆ ಹೋಗಿ ಬಂದೆ. ಹಗುರವಾದದ್ದಕ್ಕೆ ಸಂತೋಷಪಡುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು ನೋಡಿ.

ಚೀಲದಲ್ಲಿ ಲ್ಯಾಪ್‌ಟಾಪಿಗೆಂದೇ ಹೊಲಿದ ಒಂದು ಖಾನೆಯಿತ್ತು. ಸುತ್ತಲೂ ಸ್ಪಂಜಿನ ಮೆತ್ತೆ, ಮೇಲೊಂದು ಪಟ್ಟಿ. ಆ ಅರಮನೆಯಲ್ಲಿ ಈಗ ಟ್ಯಾಬ್ ಒಂದೇ ಕಾಲು ಚಾಚಿಕೊಂಡು ಮಲಗುತ್ತಿತ್ತು. ನನ್ನ ಹೆಂಡತಿ ಕಮಲ ಒಂದು ಸಂಜೆ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿ ಕೇಳಿದಳು: "ಇದ್ರಾಗ ಜಾಗಾ ಐತೇನ್ರಿ?"

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಅವಳ ತಂಗಿ ರೇಣುಕಾ ಚಿಕಲಠಾಣಾದಲ್ಲಿದ್ದಳು. ಗಂಡ ಬ್ಯಾಂಕಿನವನು, ಕರ್ನಾಟಕದಿಂದ ವರ್ಗವಾಗಿ ಬಂದವನು. ಅವಳು ಆಗ ಚೊಚ್ಚಲ ಬಸುರಿ. ಏನು ತಿಂದರೂ ನಿಲ್ಲುತ್ತಿರಲಿಲ್ಲ. ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದ ಡಾಕ್ಟರಮ್ಮ ಪ್ರತಿ ಸಲ ತೂಕ ನೋಡಿ ಮುಖ ಗಂಟಿಕ್ಕುತ್ತಿದ್ದರು. ಹೀಗೇ ಇಳಿಯುತ್ತ ಹೋದರೆ ಮಗುವಿಗೂ ಅಪಾಯ ಎಂದು ಹೇಳಿಯೂ ಇದ್ದರು. ಅಕ್ಕತಂಗಿಯರಿಗೆ ತಾಯಿಯಿಲ್ಲ, ತಾಯಿಯ ಜಾಗದಲ್ಲಿ ನಿಲ್ಲಬೇಕಾದ ಕಮಲ ಶಾಲೆಯ ಟೀಚರು, ಇಲ್ಲಿ ಪರೀಕ್ಷೆಗಳ ನಡುವೆ ಸಿಕ್ಕಿಕೊಂಡಿದ್ದಳು. ರೇಣುಕಾ ಫೋನಿನಲ್ಲಿ ಬೇಡುತ್ತಿದ್ದದ್ದು ಒಂದನ್ನೇ: ಕರ್ನಾಟಕದ ನಮ್ಮ ವಿಜಾಪುರದ ಕಡೆಯ ಕಟಿ ರೊಟ್ಟಿ, ಅಗಸಿ ಚಟ್ನಿ. ಆ ಊರಲ್ಲಿ ಜೋಳದ ಭಾಕ್ರಿಗೇನೂ ಬರವಿಲ್ಲ, ಆದರೆ ಅದು ಮೆತ್ತಗೆ. ಹಪ್ಪಳದಂತೆ ತೆಳ್ಳಗೆ ಬಡಿದು, ಒಣಗಿಸಿ, ಕೈಯಲ್ಲಿ ಹಿಡಿದರೆ ಕಟಕ್ಕನೆ ಮುರಿಯುವ ರೊಟ್ಟಿಯನ್ನು ಅಲ್ಲಿ ಯಾರು ಮಾಡಬೇಕು?

ಮೊದಲ ವಾರ ಕಮಲ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ, ಟ್ಯಾಬಿಗೆ ತೊಂದರೆಯಾಗಬಾರದೆಂದು ಚೀಲದ ದೊಡ್ಡ ಖಾನೆಯಲ್ಲಿಟ್ಟಳು. ಯೇವಲಾದಿಂದಾಚೆಗಿನ ರಸ್ತೆ ತನ್ನ ಕೆಲಸ ಮಾಡಿತು. ಸಂಜೆ ಕಾರ್ಖಾನೆ ಮುಗಿಸಿ ರೇಣುಕಾಳ ಮನೆಗೆ ಹೋಗಿ ಗಂಟು ಬಿಚ್ಚಿದರೆ ಒಳಗಿದ್ದದ್ದು ರವೆ. ಅವಳು ಅದನ್ನು ನೋಡಿ, "ಇರ್ಲಿ ಬಿಡ್ರಿ ಭಾವಾರ, ಮಸರಿನ್ಯಾಗ ಕಲಸಿಕೊಂಡು ತಿಂತೀನಿ" ಎಂದು ನಕ್ಕಳು. ಒಂದು ತುತ್ತು ಬಾಯಿಗಿಟ್ಟವಳು ಹಾಗೇ ಅಳತೊಡಗಿದಳು. "ನನ್ನ ಕೈಯಾರ ಮುರದು ತಿನ್ನಬೇಕಂತಿತ್ರಿ. ಅವ್ವ ಬೀಸಣಿಕಿ ಹಂಗ ಇಡೀದ ಕೈಯಾಗ ಕೊಡ್ತಿದ್ಲು."

ನಾನು ಯಂತ್ರ ಬಿಚ್ಚುವವನು; ಅಳುವ ಹೆಣ್ಣುಮಗಳ ಮುಂದೆ ಏನು ಮಾಡಬೇಕೆಂದು ಯಾವ ಮ್ಯಾನ್ಯುಯಲ್ಲೂ ಹೇಳಿಕೊಟ್ಟಿರಲಿಲ್ಲ. ಆದರೂ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಹಸಿವಿಗೂ ಒಂದು ನೆನಪಿರುತ್ತದೆ. ರುಚಿಯ ಜೊತೆಗೆ ಅದಕ್ಕೆ ಆಕಾರ ಬೇಕು, ಸದ್ದು ಬೇಕು, ಕೊಟ್ಟ ಕೈಯೂ ಬೇಕು. ಹಾಸಿಗೆಯಲ್ಲಿ ಬಿದ್ದುಕೊಂಡು, ಏಳಬೇಡ, ಬಗ್ಗಬೇಡ, ನಡೆಯಬೇಡ ಎನ್ನಿಸಿಕೊಂಡವಳಿಗೆ ತನ್ನ ಕೈಯಾರೆ ಮುರಿಯಲು ಒಂದು ಇಡೀ ರೊಟ್ಟಿಯಾದರೂ ಬೇಡವೇ?

ಮುಂದಿನ ವಾರ ಹೊರಡುವಾಗ ನಾನೇ ಟ್ಯಾಬನ್ನು ಮೆತ್ತನೆಯ ಖಾನೆಯಿಂದೆಬ್ಬಿಸಿದೆ. ಲ್ಯಾಪ್‌ಟಾಪಿನ ಅಳತೆಗೆ ಹೊಲಿದ ಆ ಜಾಗದಲ್ಲಿ ಕಮಲಳ ರೊಟ್ಟಿಗಳು ಅದಕ್ಕೆಂದೇ ಬಡಿದಂತೆ ನಿಂತವು. ಟ್ಯಾಬನ್ನು ಟವೆಲಿನಲ್ಲಿ ಸುತ್ತಿ ಸ್ಪ್ಯಾನರುಗಳ ಪಕ್ಕಕ್ಕೆ ತಳ್ಳಿದೆ. "ಅದು ಒಡದ್ರ?" ಎಂದಳು ಕಮಲ. "ಒಡದ್ರ ಕಂಪನಿ ಐತಿ" ಎಂದೆ, ಕಂಪನಿ ಎಂಥದೆಂದು ಚೆನ್ನಾಗಿ ಗೊತ್ತಿದ್ದೂ.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಚೀಲ ತಪಾಸಣೆ ಮಾಡುವಾಗ ಆ ಖಾನೆಯ ಪಟ್ಟಿ ಬಿಚ್ಚಿ, ಗಾಬರಿಯಿಂದ "ಪಾಪಡ್ ಆಹೇ ಕಾ, ಸಾಹೇಬ?" ಎಂದ. ಹಪ್ಪಳವಲ್ಲ ಮಾರಾಯ, ಬಸುರಿಯ ಬಯಕೆ ಎಂದು ತಿಳಿಸಿ ಹೇಳಿದೆ. ಅವನು ಪಟ್ಟಿಯನ್ನು ಮೊದಲಿದ್ದಂತೆಯೇ ಹಾಕಿ, ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಒಳಗೆ ಹೋಗಿ ಯಂತ್ರದ ಮುಂದೆ ಟವೆಲು ಬಿಚ್ಚಿದರೆ ಗಾಜಿನ ಬಲ ಮೂಲೆಯಲ್ಲಿ ಜೇಡರ ಬಲೆ. ವೈಜಾಪುರದ ಯಾವುದೋ ಗುಂಡಿಯಲ್ಲಿ ಸ್ಪ್ಯಾನರು ಮುತ್ತಿಟ್ಟಿತ್ತು. ಪುಣ್ಯಕ್ಕೆ ಟ್ಯಾಬ್ ಸತ್ತಿರಲಿಲ್ಲ. ನಕ್ಷೆಯನ್ನು ಎಡಕ್ಕೆ ಸರಿಸಿ ಸರಿಸಿ ನೋಡಿಕೊಂಡು ಕೆಲಸ ಮುಗಿಸಿದೆ. ಆಮೇಲೆ ಸಾಹೇಬರಿಂದ ಬೈಸಿಕೊಂಡೆ, ಹೊಸದು ಸಿಗಲಿಲ್ಲ, ವರ್ಷಗಟ್ಟಲೆ ಎಲ್ಲ ನಕ್ಷೆಗಳ ಬಲ ಮೂಲೆಯನ್ನು ಆ ಬಲೆಯ ಹಿಂದಿನಿಂದಲೇ ಓದಿದೆ.

ಆ ಸಂಜೆ ರೇಣುಕಾಳ ಕೈಗೆ ಒಂದು ಇಡೀ ರೊಟ್ಟಿ ಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕಿವಿಯ ಹತ್ತಿರ ಹಿಡಿದು ಮುರಿದಳು. ಕಟಕ್! ಆ ಸದ್ದಿಗೆ ಒಳಗಿನಿಂದ ಅವಳ ಗಂಡ ಏನಾಯಿತೆಂದು ಓಡಿ ಬಂದ. ರೊಟ್ಟಿ ಮುಗಿಸಿ ಅವಳು ಇನ್ನೊಂದಕ್ಕೆ ಕೈ ಚಾಚಿದಳು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಅಲ್ಲಿಂದ ಪ್ರತಿ ವಾರವೂ ಮೆತ್ತನೆಯ ಖಾನೆ ರೊಟ್ಟಿಯದು. ಅದರ ಹಿಂದೆ ಚಟ್ನಿಯ ಡಬ್ಬಿ, ಅಂಟಿನ ಉಂಡಿ, ಬಾಣಂತಿಯ ಸಾಮಾನು ಒಂದೊಂದಾಗಿ ಚೀಲ ಸೇರಿ, ಹಗುರವಾಗಿದ್ದ ಚೀಲ ಹಳೆಯ ತೂಕಕ್ಕೇ ಬಂದು ನಿಂತಿತು. ಹೆಗಲು ಮಾತ್ರ ಯಾಕೋ ತಕರಾರು ಮಾಡಲಿಲ್ಲ. ಎಲುಬಿನ ಡಾಕ್ಟರಿಗೆ ನಾನಿದನ್ನು ಹೇಳಲು ಹೋಗಲಿಲ್ಲ.

ಮರು ಬೇಸಗೆಗೆ ರೇಣುಕಾ ಮಗಳನ್ನೆತ್ತಿಕೊಂಡು ನಾಸಿಕಕ್ಕೆ ಬಂದಳು. ನಾನು ತೆಗೆದಿದ್ದ ಮಗುವಿನ ಫೋಟೋ ನೋಡೆಂದು ಟ್ಯಾಬ್ ಕೊಟ್ಟರೆ ಅವಳ ಬೆರಳು ಒಡೆದ ಮೂಲೆಯಲ್ಲಿ ನಿಂತಿತು. "ಹೆಂಗ ಒಡೀತ್ರಿ ಭಾವಾರ ಇದು?"

"ಬಸ್ಸಿನ್ಯಾಗವ್ವ."

"ಮೆತ್ತನ್ನ ಖಾನೆ ಐತಲ್ರಿ ನಿಮ್ಮ ಚೀಲದಾಗ. ಅದ್ರಾಗ ಇಟ್ಟಿರಲಿಲ್ಲೇನು?"

ನಾನು ಕಮಲಳ ಮುಖ ನೋಡಿದೆ, ಕಮಲ ಕಿಟಕಿಯ ಹೊರಗೆ ನೋಡಿದಳು. "ಅದ್ರಾಗ ಜಾಗಾ ಇರಲಿಲ್ಲ" ಎಂದೆ.

ರೇಣುಕಾ ಒಡೆದ ಮೂಲೆಯನ್ನು ಇನ್ನೊಮ್ಮೆ ಸವರಿ ಟ್ಯಾಬನ್ನು ಕೆಳಗಿಟ್ಟಳು. ಆಮೇಲೆ ಎದ್ದು ಬಂದು ಮಗುವನ್ನು ನನ್ನ ಬಲ ಹೆಗಲಿಗೆ ಒರಗಿಸಿದಳು. ಹಾಲಿನ ಬಾಟಲಿ, ದುಪಟಿ, ಬಟ್ಟೆಗಳಿಂದ ಉಬ್ಬಿದ ತನ್ನ ಚೀಲವನ್ನು ಬಾಗಿಲ ಪಕ್ಕದ ಮೊಳೆಗೆ, ನನ್ನ ಚೀಲದ ಮೇಲೆಯೇ ತೂಗುಹಾಕಿದಳು. ಮೊಳೆ ಇನ್ನೊಂದಿಷ್ಟು ತಲೆ ತಗ್ಗಿಸಿತು, ಆದರೆ ಬಿಡಲಿಲ್ಲ. ಮಗು ಒಳ್ಳೇ ಭಾರವಾಗಿತ್ತು. ಅಂದು ಡಾಕ್ಟರಮ್ಮ ಕೇಳಿದ್ದೂ ಈ ತೂಕವನ್ನೇ.