ಮಾಳಿಗೆ ಮೇಲಿನ ಐದು ಮುಖಗಳು

ಮಸ್ಕಿಯ ಚಿಗವ್ವನ ಮನೆಯ ಮಾಳಿಗೆಗೆ ಹದಿಮೂರು ಮೆಟ್ಟಿಲು ಎಂದು ನನ್ನ ದಿನಚರಿಯಲ್ಲಿದೆ. ನೆನಪಿನಲ್ಲಿ ಮಾತ್ರ ಆಕೆ ಹದಿನಾಲ್ಕನೆಯದರ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಳೆ. ಎರಡರಲ್ಲಿ ಒಂದು ತಪ್ಪು. ಇನ್ನೇನೇನು ತಪ್ಪಿದೆಯೋ, ಬರೆಯುತ್ತಾ ಗೊತ್ತಾಗಬಹುದು, ಗೊತ್ತಾಗದೆಯೂ ಇರಬಹುದು.

ಚಿಗವ್ವನಿಗೆ ಎದೆಯ ಕ್ಯಾನ್ಸರ್. ಮೂರು ವಾರಕ್ಕೊಂದು ಕೀಮೋ; ಮನೆಯಲ್ಲಿ ಅದಕ್ಕೆ ಸೂಜಿ ಎನ್ನುತ್ತಿದ್ದರು. ಆರರಲ್ಲಿ ಮೂರು ಮುಗಿದ ಮೇಲೆ "ಇನ್ನ ನಾ ಹೋಗಂಗಿಲ್ಲ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಯಾಕೆಂದು ಕೇಳಿದರೆ, "ಏನಿಲ್ಲ, ಆರಾಮ ಅದೀನಿ." ಸಿಂಧನೂರಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದ ನಾನು, ಓದಿದವಳೆಂಬ ಹಮ್ಮಿನಲ್ಲಿ, ಆಸ್ಪತ್ರೆಯವರು ಹೇಳಿದ ಆ್ಯಪ್ ಒಂದನ್ನು ನನ್ನ ಹಳೆಯ ಫೋನಿಗೆ ಹಾಕಿ ಆಕೆಯ ಕೈಗಿಟ್ಟೆ. ಅದು ದಿನಾ ಐದು ಮುಖ ತೋರಿಸಿ, ಹೆಣ್ಣುದನಿಯಲ್ಲಿ "ಇಂದು ನಿಮ್ಮ ಮನಸ್ಸು ಹೇಗಿದೆ?" ಎಂದು ಕೇಳುತ್ತಿತ್ತು. ಒಂದು ತುದಿಗೆ ನಗುವ ಮುಖ, ಇನ್ನೊಂದು ತುದಿಗೆ ಅಳುವ ಮುಖ. ಒತ್ತಿದ್ದನ್ನು ನೋಡಿ ಆಸ್ಪತ್ರೆಯ ಆಪ್ತಸಮಾಲೋಚಕಿ ಫೋನ್ ಮಾಡುತ್ತಾರೆ. ನನಗೆ ಹೇಳದ್ದನ್ನು ಚಿಗವ್ವ ಅವರಿಗೆ ಹೇಳಿಯಾಳು, ಉಳಿದ ಸೂಜಿಗೆ ಒಪ್ಪಿಯಾಳು ಎಂದುಕೊಂಡೆ.

ಸಿಗ್ನಲ್ ಸಿಗುತ್ತಿದ್ದುದು ಮಾಳಿಗೆಯ ಮೇಲೆ ಮಾತ್ರ. ಹತ್ತಿ ಕೂತ ಕೂಡಲೇ ಅದು "ಇಂದು ನಿಮಗೆ ಆಯಾಸವಾಗಿದೆಯೇ?" ಎನ್ನುತ್ತಿತ್ತು.

"ಇಲ್ಲೀತನ ಹತ್ತಿಸಿ ಕೇಳ್ತಾಳ ನೋಡು," ಎಂದು ಚಿಗವ್ವ ಬೈಯುತ್ತಿದ್ದಳು. ಆದರೂ ಒತ್ತುತ್ತಿದ್ದುದು ನಗುವ ಮುಖವನ್ನೇ.

"ನಿನ್ನೆಲ್ಲ ವಾಂತಿ ಮಾಡ್ಕೊಂಡಿಯಲ್ಲ ಚಿಗವ್ವಾ, ಖರೇದು ಒತ್ತು."

"ಹುಚ್ಚೇನು ನಿನಗ? ಆರಾಮ ಅದೀರೇನು ಅಂತ ಕೇಳಿದವರಿಗೆ ಯಾರರೆ ಅತ್ತು ತೋರಸ್ತಾರೇನು? ಪಾಪ, ಆಕಿ ಎಲ್ಲಿ ಕುಂತು ಕೇಳಾಕತ್ತಾಳೋ." ಆಮೇಲೆ ಫೋನಿನತ್ತ ಬಾಗಿ, "ನೀ ಹೆಂಗದಿಯವ್ವಾ? ಉಂಡೇನು?" ಎಂದು ವಿಚಾರಿಸುತ್ತಿದ್ದಳು. ಅದು ಉತ್ತರಿಸುತ್ತಿರಲಿಲ್ಲ. "ಭಾಳ ಸೊಕ್ಕು ಇಕಿಗೆ."

ಆಕೆಯನ್ನು ಮಾತಾಡಿಸಲು ಬಂದ ಹೆಂಗಸರೂ ಬಾಳೆಹಣ್ಣು, ಬ್ರೆಡ್ಡು ಕೆಳಗಿಟ್ಟು ಮೇಲೆ ಬರತೊಡಗಿದರು. ಬಂದವರಿಗೆ ಚಹಾ ಕೊಟ್ಟಂತೆ ಚಿಗವ್ವ ಫೋನನ್ನೂ ಕೊಡುತ್ತಿದ್ದಳು. "ನೀನೂ ಒಂದು ಒತ್ತಬೇ." ಎದುರುಮನೆಯಾಕೆ ಸೊಸೆಯೊಂದಿಗೆ ಜಗಳಾಡಿ ಬಂದಿದ್ದಳು, ಅಳುವ ಮುಖದ ಪಕ್ಕದ್ದನ್ನು ಒತ್ತಿದಳು. ಇನ್ನೊಬ್ಬಳ ಎಮ್ಮೆ ಈದಿತ್ತು, ನಗುವ ಮುಖ ಒತ್ತಿದಳು. ಹೀಗೆ ಒಂದು ಭಾನುವಾರ ಒಂದೇ ತಾಸಿನಲ್ಲಿ ಚಿಗವ್ವನ ಮನಸ್ಸು ಏಳು ಸಲ ಬದಲಾಯಿತು. ಫೋನು, "ದೀರ್ಘವಾಗಿ ಉಸಿರಾಡಿ. ನೀವು ಒಬ್ಬಂಟಿಯಲ್ಲ," ಎಂದಿತು.

"ಕಾಣಾಕತ್ತದಲ್ಲ, ಏಳು ಮಂದಿ ಅದೀವಿ," ಎಂದಳು ಎಮ್ಮೆಯಾಕೆ. ಏಳೋ, ಆರೋ. ಚಿಗವ್ವ ಕೆಮ್ಮು ಬರುವಷ್ಟು ನಕ್ಕಳು. ನಾನು ಸೂಜಿಯ ಮಾತು ತೆಗೆದೆ. ಇಳಿದು ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಈ ಗದ್ದಲದಿಂದ ದೂರ ಇದ್ದವರು ಆಕೆಯ ಗಂಡ, ಕಾಕಾ. ಕೇಳಿದ್ದಕ್ಕೆ ತಲೆ ಆಡಿಸಿದರೆ ಅದೇ ಹೆಚ್ಚು. ನಸುಕಿನಲ್ಲಿ ಫೋನನ್ನು ಮಾಳಿಗೆಗೆ ಒಯ್ದು ತರುವುದೊಂದು ಅವರ ಪಾಲಿನ ಕೆಲಸ. ನಳದ ನೀರಿನಂತೆ ಸಿಗ್ನಲ್ಲೂ ಮಂದಿ ಏಳುವ ಮೊದಲು ಜೋರು ಬರುತ್ತದೆ ಎಂದು ಅವರ ನಂಬಿಕೆ. "ತುಂಬಿಸ್ಕೊಂಡು ಬಂದೀನಿ," ಎಂದು ಆಕೆಯ ತಲೆದಿಂಬಿನ ಬದಿಗೆ ಇಡುತ್ತಿದ್ದರು.

ನಾಲ್ಕನೇ ಸೂಜಿಗೆ ನಾಲ್ಕು ದಿನ ಇದೆ ಎನ್ನುವಾಗ, ನಾವಿಬ್ಬರೂ ಮೇಲಿದ್ದಾಗ, ಸಮಾಲೋಚಕಿಯ ಫೋನ್ ಬಂತು.

"ಅಮ್ಮಾ, ಹಗಲು ಹೆಚ್ಚಾಗಿ ನಗುವ ಮುಖ ಒತ್ತುತ್ತೀರಿ. ಆದರೆ ಎಂಟು ದಿನದಿಂದ ಬೆಳಗಿನ ಐದೂವರೆಗೆ ಅಳುವ ಮುಖ ಬರ್ತಾ ಇದೆ. ಆ ಹೊತ್ತಿಗೆ ಏನನ್ನಿಸುತ್ತೆ ನಿಮಗೆ?"

"ಐದೂವರಿಗಾ? ಗುಳಿಗಿ ನುಂಗಿ ಮಲಗಿದಾಕಿ, ನಾ ಏಳೂದ ಏಳಕ್ಕರೀ. ನಿಮ್ಮ ಮಷಿನ್ನ ಕೆಟ್ಟ..."

ಕೆಳಗೆ ಅಂಗಳದಲ್ಲಿ ಕಾಕಾ ಬಕೆಟ್ ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆದರು. ಇಲ್ಲವೇ ಅದನ್ನು ನಾನು ಆಮೇಲೆ ಸೇರಿಸಿಕೊಂಡಿದ್ದೇನೆ. ಚಿಗವ್ವ ಬಗ್ಗಿ ಅವರನ್ನೇ ನೋಡಿದಳು.

"ಅವರಿಗೆ ಓದಾಕ ಬರಂಗಿಲ್ಲಲ್ಲ," ಎಂದಳು ನನಗೆ, ಮೆಲ್ಲಗೆ. ಮುಖ ಒತ್ತಲು ಓದು ಬೇಕಿಲ್ಲ.

"ಅಮ್ಮಾ? ಕೇಳಿಸ್ತಾ ಇದೆಯಾ?"

"ಹೌದ್ರೀ, ನಾನ ಒತ್ತೀನಿ," ಎಂದಳು ಚಿಗವ್ವ ಫೋನಿಗೆ. "ಮರ್ತಿದ್ದೆ. ಗುರುವಾರ ಸೂಜಿಗೆ ಬರ್ತೀನಿ, ಬರ್ಕೋರಿ."

ಗುರುವಾರ ಲಿಂಗಸುಗೂರಿನಲ್ಲಿ ಬಸ್ ಬದಲಿಸಬೇಕಿತ್ತು. ಬೋಳುತಲೆಗೆ ಸೆರಗು ಬಿಗಿದು ಚಿಗವ್ವ ಬೆಂಚಿನ ಮೇಲೆ ತೂಕಡಿಸುತ್ತಿದ್ದಳು. ಕಾಕಾ ಪಕ್ಕದಲ್ಲಿ ಸೇಂಗಾ ಸುಲಿದು ಕಾಳನ್ನು ಆಕೆಯ ಕೈಚೀಲಕ್ಕೂ ಸಿಪ್ಪೆಯನ್ನು ತಮ್ಮ ಜೇಬಿಗೂ ಹಾಕುತ್ತಿದ್ದರು. ನಾನು ಒಂದು ಮಾತು ಕೇಳಿದೆ. ಅವರು ಎದ್ದು, ಬಂದಿರದ ಬಸ್ಸು ಹಿಡಿಯಲು ಹೊರಟವರಂತೆ ನಾಲ್ಕು ಹೆಜ್ಜೆ ಹೋಗಿ ನಿಂತರು. ಆರೂ ಸೂಜಿ ಮುಗಿದು ಚಿಗವ್ವನ ತಲೆಯಲ್ಲಿ ಕೂದಲು ಬರತೊಡಗಿದರೂ ಅದಕ್ಕೆ ಉತ್ತರ ಬಂದಿಲ್ಲ.

"ಕಾಕಾ, ಆ ಅಳೂ ಮಾರಿ ಒತ್ತಿದ ಮ್ಯಾಲ ಫೋನಿನ್ಯಾಗಿನ ಆಕಿ ನಿಮಗ ಏನಂತಿದ್ಲು?"